ಪಾಯಿಂಟ್ಸ್‌ಮನ್ ಪಾಲಯ್ಯನ ಸಣ್ಣ ಕ್ಯಾಮೆರಾ

ಹಜರತ್ ಅಲಿ ರಾಮಗಿರಿ ಸ್ಟೇಷನ್ನಿನಲ್ಲಿ ರೈಲಿಳಿದನೆಂದರೆ ಪ್ಲಾಟ್‌ಫಾರಂ ಮೇಲಿದ್ದವರು ಕೇಳುತ್ತಿದ್ದದ್ದು ಒಂದೇ ಮಾತು: "ಯಾರು ಹೋದ್ರು ಸಾಬ್ರೆ?"

ಕೇಳದೆ ಏನು ಮಾಡುತ್ತಾರೆ? ಅವನದು ಚಿತ್ರದುರ್ಗದಲ್ಲಿ ಫೋಟೋ ಸ್ಟುಡಿಯೋ. ಹೆಗಲಿಗೆ ಚರ್ಮದ ದಪ್ಪ ಚೀಲ, ಅದರೊಳಗೆ ಇಟ್ಟಿಗೆ ತೂಕದ ಕ್ಯಾಮೆರಾ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ಆ ಚೀಲ ಹಳ್ಳಿ ಕಡೆ ಬಂತೆಂದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಬದುಕಿರುವಾಗ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ ಜನ. ಸತ್ತ ಮೇಲೆ ಆ ಭಯವಿಲ್ಲವಲ್ಲ! ಮೈತೊಳೆದು, ಹೊಸ ಸೀರೆಯನ್ನೋ ಪಂಚೆಯನ್ನೋ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿ, "ಹೂಂ, ತೆಗೀರಿ" ಎನ್ನುತ್ತಿದ್ದರು. ಬದುಕಿದ್ದಾಗ ಒಂದು ಲೋಟ ಬಿಸಿನೀರು ಕೊಡದ ಸೊಸೆಯೂ ಪಕ್ಕಕ್ಕೆ ಬಂದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು. ಆಮೇಲೆ ಆ ಕಣ್ಣು ಮುಚ್ಚಿದ ಮುಖಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕುವುದು. ಹುಟ್ಟಿದ ಮಕ್ಕಳೆಲ್ಲ ಅಜ್ಜಿಯನ್ನು, ತಾತನನ್ನು ಹೆಣವಾಗಿಯೇ ನೋಡಿ ಬೆಳೆಯಬೇಕು.

ಪಾಲಯ್ಯನಿಗೆ ಅಷ್ಟೂ ಭಾಗ್ಯ ಇರಲಿಲ್ಲ. ಅವನು ಹುಟ್ಟಿದ್ದು ದುರ್ಗದ ಪಕ್ಕದ ಮದಕರಿಪುರದಲ್ಲಿ. ತಾಯಿ ಮಲ್ಲಕ್ಕ ತೀರಿಕೊಂಡಾಗ ಅವನು ಆಗಷ್ಟೇ ನಡೆಯಲು ಕಲಿತ ಕೂಸು. ಹೆಣದ ಫೋಟೋ ಕೂಡ ಇಲ್ಲ. ದೊಡ್ಡವನಾದ ಮೇಲೆ ಮದುವೆ, ತಿಥಿಗಳಲ್ಲಿ ಮುದುಕಿಯರು ಅವನ ಗದ್ದ ಹಿಡಿದು "ಥೇಟ್ ನಿಮ್ಮವ್ವಂದೇ ಮೂಗು ಕಣೋ" ಎಂದರೆ ಮನೆಗೆ ಬಂದು ಕನ್ನಡಿ ಮುಂದೆ ನಿಂತು ಮೂಗಿನ ಸುತ್ತ ಉಳಿದ ಮುಖವನ್ನು ಕಟ್ಟಲು ನೋಡುತ್ತಿದ್ದ. ಎಂದೂ ಆಗಲಿಲ್ಲ. ರೈಲ್ವೆಯಲ್ಲಿ ಲೆವರ್ ಎಳೆದು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ ಸಿಕ್ಕು, ರಾಮಗಿರಿಗೆ ಬಂದು, ಹಿರಿಯೂರು ಸೀಮೆಯ ಹರಿಯಬ್ಬೆಯ ನಿಂಗಕ್ಕನನ್ನು ಮದುವೆಯಾಗಿ, ಬಹಳ ಕಾಯಿಸಿ ಒಂದು ಹೆಣ್ಣುಮಗು ಹುಟ್ಟಿದಾಗ ಅದಕ್ಕೆ ತನ್ನ ತಾಯಿಯ ಹೆಸರನ್ನೇ ಇಟ್ಟ. ಮುಖ ಸಿಗದಿದ್ದರೆ ಹೋಗಲಿ, ಕೂಗುವುದಕ್ಕಾದರೂ ಒಂದು ಹೆಸರಿರಲಿ ಎಂದು.

ಇದು ಎಪ್ಪತ್ತಾರನೇ ಇಸವಿಯ ಮಾತು. ಆ ವರ್ಷ ಮಗಳು ಮಲ್ಲಿಗೆ ನಾಲ್ಕು ತುಂಬಿತ್ತು. ಆ ವರ್ಷವೇ ನಿಂಗಕ್ಕ ಒಂದು ಕೊಡ ನೀರು ಹೊತ್ತು ತಂದರೆ ಹೊಸ್ತಿಲ ಮೇಲೆ ಕೂತು ಏದುಸಿರು ಬಿಡುವಂತಾದಳು. ದುರ್ಗದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಅವಳನ್ನು ಹೊರಗೆ ಕೂರಲು ಹೇಳಿ, ಪಾಲಯ್ಯನಿಗೆ ಮಾತ್ರ ಹೇಳಿದರು. ಚಿಕ್ಕಂದಿನಲ್ಲಿ ಬಂದ ಜ್ವರ ಹೃದಯದ ಬಾಗಿಲನ್ನೇ ಕೆಡಿಸಿದೆ, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಮಾತ್ರೆ ನುಂಗಿಸು, ಉಪ್ಪು ಕಡಿಮೆ ಮಾಡು, ಚೆನ್ನಾಗಿ ನೋಡಿಕೋ ಎಂದರು. ಚೆನ್ನಾಗಿ ನೋಡಿಕೋ ಎಂದರೆ ಏನರ್ಥವೆಂದು ಪಾಲಯ್ಯನಿಗೆ ಗೊತ್ತಾಯಿತು. ಹೊರಗೆ ಬಂದು "ರಕ್ತ ಕಮ್ಮಿ ಐತಂತೆ, ಅಷ್ಟೇ" ಎಂದ. ನಿಂಗಕ್ಕ ಅವನ ಮುಖವನ್ನೇ ನೋಡಿ "ಅಷ್ಟೇನಾ?" ಎಂದು ಎದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಅಂದಿನಿಂದ ಪಾಲಯ್ಯನ ಎದೆಯಲ್ಲಿ ಒಂದೇ ಕೊರೆತ. ಇವಳು ಹೋಗುತ್ತಾಳೆ, ನನ್ನ ಮಗಳು ನನ್ನ ಹಾಗೆ ಕನ್ನಡಿ ಮುಂದೆ ನಿಂತು ಮೂಗು ಮುಟ್ಟಿಕೊಂಡು ಬೆಳೆಯುತ್ತಾಳೆ. ನಿಂಗಕ್ಕನ ಒಂದೇ ಒಂದು ಫೋಟೋ ಈ ಭೂಮಿಯ ಮೇಲೆ ಇರಲಿಲ್ಲ. ಮದುವೆಯಲ್ಲೂ ತೆಗೆಸಿರಲಿಲ್ಲ.

ಹಜರತ್ ಅಲಿಗೂ ಪಾಲಯ್ಯನಿಗೂ ಹಳೆಯ ಸ್ನೇಹ. ಸಾವಿನ ಮನೆಯ ಕೆಲಸ ಮುಗಿಸಿ ಬಂದರೆ ವಾಪಸ್ ಗಾಡಿಗೆ ಹೊತ್ತಿರುತ್ತಿತ್ತು. ಲೆವರ್ ಕೋಣೆಯ ಪಕ್ಕದ ಬೆಂಚಿನ ಮೇಲೆ ಕೂತು ಇಬ್ಬರೂ ಚಹಾ ಕುಡಿಯುತ್ತಿದ್ದರು. ಒಂದು ದಿನ ಪಾಲಯ್ಯ ಬಾಯಿಬಿಟ್ಟು ಕೇಳಿಯೇಬಿಟ್ಟ.

"ಬದುಕಿರೋರ್ದೂ ತೆಗೀತೀಯೇನಪ್ಪಾ ಅಲಿ?"

"ಅರೆ, ಅದಕ್ಕೇ ಅಲ್ವ ನಾನು ಈ ಕಸುಬು ಕಲ್ತದ್ದು! ನಿಮ್ಮೂರೋರೇ ನನ್ನನ್ನ ಹೆಣದ ಫೋಟೋದವ್ನ ಮಾಡಿಟ್ಟೀರಿ. ನಡಿ, ಹೋಗಾಣ."

ಇಬ್ಬರೂ ಕ್ವಾರ್ಟರ್ಸ್ ಕಡೆ ನಡೆದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನಿಂಗಕ್ಕ ತಲೆಯೆತ್ತಿದಳು. ಗಂಡನ ಹಿಂದೆ ಆ ಚೀಲ ಬರುವುದನ್ನು ಕಂಡಳು. ಮೊರ ಕೈಜಾರಿ ಅಕ್ಕಿಯೆಲ್ಲ ಅಂಗಳಕ್ಕೆ ಚೆಲ್ಲಿತು.

"ಇನ್ನೂ ಉಸ್ರೈತೆ ಕಣ್ರೀ ನನಗೆ! ಅದು ನಿಲ್ಲೋಗಂಟನಾದ್ರೂ ತಡಿಯಾಕಾಗಲ್ವಾ ನಿಮಗೆ?" ಎಂದು ಕೂಗಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಒಳಗಿಂದ ಕೆಮ್ಮು ಕೇಳುತ್ತಿತ್ತು. ಹಜರತ್ ಅಲಿ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು, ಬಗ್ಗಿ, ಅಂಗಳದ ಅಕ್ಕಿಯನ್ನು ಮೊರಕ್ಕೆ ಬಳಿದಿಟ್ಟು, ಸ್ಟೇಷನ್ನಿಗೆ ತಿರುಗಿದ.

ಆದರೆ ಪಾಲಯ್ಯ ಬಿಡುವ ಆಸಾಮಿಯಲ್ಲ. ಮುಂದಿನ ರಜೆಗೆ ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿ ದುರ್ಗಕ್ಕೆ ಹೋಗಿ ಸ್ಟುಡಿಯೋ ಮುಂದೆ ನಿಂತ. "ನಿನ್ನ ಕಂಡ್ರೆ ಅವ್ಳು ಹೆದ್ರುತಾಳೆ. ನನಗೇ ಕಲ್ಸು. ನಾನೇ ತೆಗೀತೀನಿ" ಎಂದ.

ಹಜರತ್ ಅಲಿ ನಕ್ಕು ತನ್ನ ದೊಡ್ಡ ಕ್ಯಾಮೆರಾವನ್ನೇ ಅವನ ಕೈಗೆ ಕೊಟ್ಟ. ಲೆವರ್ ಎಳೆದು ಗಟ್ಟಿಯಾದ ಕೈ, ತೂಕಕ್ಕೆ ಹೆದರುವುದಲ್ಲ. ಹೆದರಿದ್ದು ಅಂಕಿಗಳಿಗೆ. ಮೇಲೊಂದು ತಿರುಗಣೆ, ಕೆಳಗೊಂದು ತಿರುಗಣೆ, ಮೂತಿಯ ಸುತ್ತ ಎರಡು ಬಳೆ, ಒಂದನ್ನು ತಿರುಗಿಸಿದರೆ ಇನ್ನೊಂದು ತಪ್ಪು. "ಇದನ್ನ ಇಷ್ಟು ಮಾಡು, ಅದನ್ನ ಅಷ್ಟು ಮಾಡು, ಬೆಳಕು ನೋಡು, ದೂರ ನೋಡು" ಎಂದು ಹಜರತ್ ಅಲಿ ಹೇಳುತ್ತಾ ಹೋದಂತೆ ಪಾಲಯ್ಯನ ಹಣೆಯಲ್ಲಿ ಬೆವರು ಹನಿಯಿತು. "ಇದು ಬ್ಯಾಡಪ್ಪ. ನಾನು ಇದನ್ನ ಕಲಿಯೋ ಹೊತ್ತಿಗೆ..." ಎಂದು ನಿಲ್ಲಿಸಿದ.

ಆಗ ಹಜರತ್ ಅಲಿ ಗಾಜಿನ ಬೀರುವಿನ ಮೂಲೆಯಿಂದ ಒಂದು ಪುಟ್ಟ ಕ್ಯಾಮೆರಾ ತೆಗೆದ. ಅಂಗೈಯಲ್ಲಿ ಕೂರುವಷ್ಟು. ಅವನ ಹೆಂಡತಿಯ ತಮ್ಮ ದಿಲಾವರ್ ಮುಂಬಯಿಯಿಂದ ಹಡಗಿನ ಕೆಲಸಕ್ಕೆ ಹೋದವನು ಜಪಾನಿನಿಂದ ತಂದುಕೊಟ್ಟದ್ದು. ಸ್ಟುಡಿಯೋದಲ್ಲಿ ಅದಕ್ಕೆ ಕವಡೆ ಬೆಲೆಯಿಲ್ಲ. "ಇದನ್ನ ಹಿಡ್ಕಂಡು ಮದುವೆ ಮನೆಗೆ ಹೋದ್ರೆ ಎಲೆ ಅಡಿಕೆ ಡಬ್ಬಿ ತಂದಾನೆ ಅಂತಾರೆ ಜನ. ದೊಡ್ಡ ಕ್ಯಾಮೆರಾ ಇದ್ರೇನೇ ದೊಡ್ಡ ಫೋಟೋಗ್ರಾಫರು. ಆದ್ರೆ ಕಲಿಯೋನಿಗೆ ಇದಕ್ಕಿಂತ ಚಲೋದು ಇಲ್ಲ. ಇಟ್ಕ, ನಿನಗೆ ಬೇಕಾದಷ್ಟು ದಿನ ಇಟ್ಕ."

ಪಾಲಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಕಿ ಓದುವ ಗೋಜಿಲ್ಲ. ಮೂತಿಯ ಬಳೆಯ ಮೇಲೆ ಗೊಂಬೆಗಳು. ಒಂದು ತಲೆಯ ಗೊಂಬೆಗೆ ತಿರುಗಿಸಿದರೆ ಹತ್ತಿರದವರು, ಗುಂಪಿನ ಗೊಂಬೆಗೆ ಗುಂಪು, ಬೆಟ್ಟದ ಗೊಂಬೆಗೆ ದೂರದ್ದು. ಮೇಲೊಂದು ಪುಟ್ಟ ಕಿಟಕಿ. ಅದರಲ್ಲಿ ಕಣ್ಣಿಟ್ಟು ನೋಡಿ ಒತ್ತುವುದು, ಅಷ್ಟೇ. ಹಜರತ್ ಅಲಿ ಬೇಕೆಂದೇ ಅದನ್ನು ಸ್ಟುಡಿಯೋದ ಕತ್ತಲ ಮೂಲೆಗೆ ತಿರುಗಿಸಿ "ಈಗ ಒತ್ತು" ಎಂದ. ಒತ್ತಿದರೆ ಕಿಟಕಿಯೊಳಗೆ ಕೆಂಪು ನಾಲಿಗೆಯೊಂದು ಎದ್ದು ನಿಂತಿತು, ಗುಂಡಿ ಕೆಳಗಿಳಿಯಲಿಲ್ಲ.

"ಬೆಳಕು ಸಾಲ್ದಿದ್ರೆ ಹಂಗೆ ಕೆಂಪು ತೋರುಸ್ತೈತೆ. ತೆಗೀಬ್ಯಾಡ ಅಂತ."

"ಸಿಗ್ನಲ್ಲು!" ಎಂದು ಪಾಲಯ್ಯ ಕೂಗಿಬಿಟ್ಟ. "ಅಯ್ಯೋ ಶಿವನೇ, ಇದು ನಮ್ ರೈಲ್ವೇದು ಕಣೋ! ಕೆಂಪು ಬಿದ್ರೆ ನಿಲ್ಲು, ಬೀಳ್ದಿದ್ರೆ ಲೈನ್ ಕ್ಲಿಯರ್!"

ಹಜರತ್ ಅಲಿ ಇನ್ನೊಂದೇ ಒಂದು ಬುದ್ಧಿ ಹೇಳಿದ. ಮುಂದಿನ ಗಾಜಿಗೆ ಬೆರಳು ತಾಗಿಸಬೇಡ, ಮಗುವಿನ ಕೈಗೂ ಕೊಡಬೇಡ. ಪಾಲಯ್ಯ ಹೂಂ ಹೂಂ ಎಂದು ತಲೆಯಾಡಿಸಿದ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಪಾಲಯ್ಯನಿಗೆ ಕೆಲವು ವಾರ ಊಟ ನಿದ್ದೆ ಬೇಡವಾಯಿತು. ಅಂಗಿಯ ಜೇಬಿನಲ್ಲೇ ಹಿಡಿಯುವ ಕ್ಯಾಮೆರಾ. ಹಸಿರು ಬಾವುಟ ಒಂದು ಕೈಯಲ್ಲಿ, ಕ್ಯಾಮೆರಾ ಇನ್ನೊಂದು ಕೈಯಲ್ಲಿ. ಬರುವ ಗಾಡಿಯನ್ನು ತೆಗೆದ, ಹೋಗುವ ಗಾಡಿಯನ್ನು ತೆಗೆದ. ಬಳೆಯನ್ನು ಬೆಟ್ಟದ ಗೊಂಬೆಗೆ ತಿರುಗಿಸಿ ರಾಮಗಿರಿ ಬೆಟ್ಟವನ್ನೇ ತೆಗೆದು, "ನೋಡ್ಲೇ, ಗೊಂಬೇಲಿರೋ ಬೆಟ್ಟ ನಮ್ ಬೆಟ್ಟದಂಗೇ ಐತೆ" ಎಂದು ಕಂಡಕಂಡವರಿಗೆ ಹೇಳಿದ. ಸ್ಟೇಷನ್ ಮಾಸ್ಟರು ಟೊಪ್ಪಿಗೆ ಹಾಕಿಕೊಂಡು ನೆಟ್ಟಗೆ ನಿಂತರು. ಪಕ್ಕದ ಮನೆಯ ಕೆಂಚಕ್ಕ ತನ್ನದು ಬೇಡವೆಂದು ಹೇಳಿ ಎಮ್ಮೆಯನ್ನು ಮುಂದೆ ತಳ್ಳಿದಳು. ಯಾರಿಗೂ ಆ ಕ್ಯಾಮೆರಾ ಕಂಡರೆ ಭಯವಿರಲಿಲ್ಲ, ಅದು ಆಟದ ಸಾಮಾನಿನ ಹಾಗೆ ಇತ್ತು. ಹಾಗೆ ಒತ್ತುವಾಗ ಬರುತ್ತಿದ್ದ ಸಣ್ಣ ಟಿಕ್ ಸದ್ದಿಗೆ ಪಾಲಯ್ಯ ಡಾಕ್ಟರು ಹೇಳಿದ್ದನ್ನೂ ಒಂದೊಂದು ಗಳಿಗೆ ಮರೆಯುತ್ತಿದ್ದ. ಮರೆತನೆಂದು ಗೊತ್ತಾದ ಕೂಡಲೇ ಕ್ಯಾಮೆರಾವನ್ನು ಜೇಬಿಗಿಳಿಸಿ ಮನೆ ಕಡೆ ನೋಡುತ್ತಿದ್ದ.

ನಿಂಗಕ್ಕ ಮಾತ್ರ ಹತ್ತಿರ ಬರಲಿಲ್ಲ. ಅವನು ಕಿಟಕಿಗೆ ಕಣ್ಣಿಟ್ಟರೆ ಒಳಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಅವಳ ಪಾದ ಊದತೊಡಗಿತ್ತು. ಕಾಲುಂಗುರ ಬಿಗಿಯಾಗಿ ಎಣ್ಣೆ ಹಚ್ಚಿ ತೆಗೆಯಬೇಕಾಯಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಪಾಲಯ್ಯ ಬೇಡಿಕೊಂಡ, ಗದರಿದ, ಒಂದು ಸಲ ಕಾಲಿಗೂ ಬಿದ್ದ. "ಆಡ್ಕಳ್ಳೋರ ಮುಂದೆ ಎಡವಿ ಬಿದ್ದಂಗೆ ಮಾಡ್ಬ್ಯಾಡ್ರಿ, ಏಳ್ರಿ ಮ್ಯಾಲೆ" ಎಂದಳೇ ಹೊರತು ಬಗ್ಗಲಿಲ್ಲ.

ಮೊದಲನೇ ರೀಲು ತೊಳೆದು ಬಂದಾಗ ನೋಡಬೇಕಿತ್ತು. ಸ್ಟೇಷನ್ ಮಾಸ್ಟರಿಗೆ ತಲೆಯೇ ಇಲ್ಲ. ಗಾಡಿ ಹೋಗಿಬಿಟ್ಟಿದೆ, ಬರೀ ಹಳಿ ಬಂದಿದೆ. ಆದರೆ ಕೆಂಚಕ್ಕನ ಎಮ್ಮೆ! ಒಂದೊಂದು ರೆಪ್ಪೆಗೂದಲೂ ಎಣಿಸುವ ಹಾಗೆ ಬಂದಿತ್ತು. ಪಾಲಯ್ಯ ಫೋಟೋಗಳನ್ನು ನಿಂಗಕ್ಕನ ಮುಂದೆ ಹರಡಿದ. ಅವಳು ಬೇಡ ಬೇಡವೆನ್ನುತ್ತಲೇ ಒಂದೊಂದಾಗಿ ಎತ್ತಿಕೊಂಡಳು. ತಲೆಯಿಲ್ಲದ ಮಾಸ್ಟರನ್ನು ನೋಡಿ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಎಮ್ಮೆಯ ಫೋಟೋ ಕೈಗೆತ್ತಿಕೊಂಡಳು.

"ಈ ಎಮ್ಮೆ ಇನ್ನೂ ಬದ್ಕೈತೆ, ಅಲ್ವೇನ್ರೀ?"

"ಬೆಳಿಗ್ಗೆ ಹಾಲು ಕರ್ದು ಕೊಟ್ಳಲ್ಲೇ ಕೆಂಚಕ್ಕ."

"ಹಂಗಾರೆ ಎಮ್ಮೆಗಿಂತ ನಾನೇನ್ ಕಮ್ಮಿ?" ಎಂದಳು. "ಆದ್ರೆ ಈಗ್ಲೇ ಬ್ಯಾಡ. ಅದು ಎಲ್ಲೆಲ್ಲಿಂದ್ಲೋ ಬಂದಿರೋ ಸಾಮಾನು. ಆಯುಧಪೂಜೆ ದಿನ ಕತ್ತಿ ಕುಡ್ಲು ಜೊತೆ ಅದನ್ನೂ ಇಟ್ಟು ಪೂಜೆ ಮಾಡ್ತೀನಿ. ಆಮ್ಯಾಲೆ ಅದು ನಮ್ಮನೇದಾಗ್ತೈತೆ. ಆವಾಗ ತೆಗಿರಂತೆ, ನಿಮಗೆ ಸಾಕಾಗೋಗಂಟ."

ಪಾಲಯ್ಯ ಹಿತ್ತಲಿಗೆ ಹೋಗಿ ಬಾಯಿಗೆ ಟವೆಲು ಒತ್ತಿಕೊಂಡು ಅತ್ತ. ಸಂತೋಷಕ್ಕೋ ದುಃಖಕ್ಕೋ ಅವನಿಗೇ ತಿಳಿಯದು.

ಆಯುಧಪೂಜೆಯ ಬೆಳಿಗ್ಗೆ ಅವನು ಸ್ಟೇಷನ್ನಿನಲ್ಲಿ ಲೆವರುಗಳಿಗೆ, ಲಾಂದ್ರಗಳಿಗೆ ಹೂ ಹಾಕಿ, ಕುಂಬಳಕಾಯಿ ಒಡೆದು ಮನೆಗೆ ಬಂದ. ನಿಂಗಕ್ಕ ತಲೆಸ್ನಾನ ಮಾಡಿ, ಮದುವೆಯ ಹಸಿರು ಸೀರೆ ಉಟ್ಟು, ಸೇವಂತಿಗೆ ಮುಡಿದು ಕೂತಿದ್ದಳು. ಮಣೆಯ ಮೇಲೆ ಕುಡುಗೋಲು, ಈಳಿಗೆಮಣೆ, ಸೈಕಲ್ಲಿನ ಪಂಪು, ಮಧ್ಯದಲ್ಲಿ ಕ್ಯಾಮೆರಾ. ಮೇಲ್ಭಾಗಕ್ಕೆ ವಿಭೂತಿಯ ಮೂರು ಗೆರೆ. ಮುಂದಿನ ದುಂಡು ಗಾಜಿಗೆ, ಹಣೆಗೆ ಇಡುವ ಹಾಗೆ, ತೇಯ್ದ ಗಂಧವನ್ನು ದಪ್ಪವಾಗಿ ಮೆತ್ತಿ, ಅದರ ಮೇಲೆ ಕಾಸಗಲ ಕುಂಕುಮ.

ಪಾಲಯ್ಯ ಆ ಗಾಜನ್ನೇ ನೋಡಿದ. ಗಾಜಿಗೆ ಬೆರಳು ತಾಗಿಸಬೇಡ ಎಂದಿದ್ದ ಅಲಿ. ಟವೆಲಿನ ಚುಂಗು ಹಿಡಿದು ಕೈ ಮುಂದೆ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಪೂಜೆಯ ದಿನವೇ ಕುಂಕುಮ ಒರೆಸುವುದೇ? ಅದೂ ಮುತ್ತೈದೆ ಇಟ್ಟ ಕುಂಕುಮ, ಅದೂ ಇಂಥ ಸ್ಥಿತಿಯಲ್ಲಿರುವ ಮುತ್ತೈದೆ, ಅವಳ ಕಣ್ಣ ಮುಂದೆಯೇ! ಕೈ ಬಿದ್ದುಹೋಗಲಿ. ಕ್ಯಾಮೆರಾ ಎತ್ತಿ ಮೇಲಿನ ಕಿಟಕಿಯಲ್ಲಿ ಕಣ್ಣಿಟ್ಟ. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು, ಅವಳ ಮೂಗುಬೊಟ್ಟಿನ ಹೊಳಪು ಸಮೇತ. ಕೆಂಪು ನಾಲಿಗೆಯೂ ಏಳಲಿಲ್ಲ. ಕಿಟಕಿ ಸ್ವಚ್ಛ, ಕೆಂಪು ಸಿಗ್ನಲ್ ಇಲ್ಲ, ಇನ್ನೇನು? ಹಗಲೂ ರಾತ್ರಿ ಸಿಗ್ನಲ್ಲನ್ನೇ ನಂಬಿ ನೂರಾರು ಜನರ ಜೀವ ಕಾಯ್ದ ಮನುಷ್ಯ ಅವನು. ಲೈನ್ ಕ್ಲಿಯರ್ ಎಂದುಕೊಂಡ.

ಆ ಮಧ್ಯಾಹ್ನ ರೀಲು ಮುಗಿಯುವವರೆಗೂ ತೆಗೆದ. ಬಾಗಿಲಲ್ಲಿ ನಿಂತ ನಿಂಗಕ್ಕ, ಮಗಳಿಗೆ ಜಡೆ ಹಾಕುವ ನಿಂಗಕ್ಕ, ಹೋಳಿಗೆ ತಟ್ಟೆ ಹಿಡಿದ ನಿಂಗಕ್ಕ. ಮೊದಮೊದಲು ಕಲ್ಲಿನ ಹಾಗೆ ಕೂತವಳು ಆಮೇಲೆ ತಾನೇ "ಇಲ್ಲಿ ತೆಗೀರಿ, ಈ ಕಡೆ ಬೆಳಕೈತೆ" ಎನ್ನತೊಡಗಿದಳು. ಮಲ್ಲಿ ಏನೋ ಅಂದದ್ದಕ್ಕೆ ಹಲ್ಲು ಬಿಟ್ಟು ನಕ್ಕಾಗ ಟಿಕ್ ಎಂದು ಒತ್ತಿದ. ಸಿಕ್ಕಿತು, ಸಿಕ್ಕಿತು ಎಂದು ಅವನ ಮೈಯೆಲ್ಲ ಜುಮ್ಮೆಂದಿತು. ಇನ್ನು ಯಮನೇ ಬಂದರೂ ಈ ನಗುವನ್ನು ಒಯ್ಯಲಾರ ಎಂದುಕೊಂಡ.

ಹಬ್ಬ ಕಳೆದು ದುರ್ಗಕ್ಕೆ ಹೋದಾಗ ಹಜರತ್ ಅಲಿ ಪಾಲಯ್ಯ ಬಿಚ್ಚಿ ತಂದ ರೀಲು ಹಿಡಿದು ಕತ್ತಲ ಕೋಣೆಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಒದ್ದೆ ರೀಲು ಇತ್ತು, ಮುಖದಲ್ಲಿ ರಕ್ತವಿರಲಿಲ್ಲ. "ಕ್ಯಾಮೆರಾ ಎಲ್ಲಿ?" ಎಂದ. ಕವಚದ ಗುಂಡಿ ಬಿಚ್ಚಿ ನೋಡಿದ. ಗಾಜಿನ ಮೇಲೆ ಒಣಗಿ ಬಿರುಕುಬಿಟ್ಟ ಗಂಧ, ಕುಂಕುಮ ಹಾಗೇ ಇತ್ತು.

"ಯಾ ಅಲ್ಲಾ... ಪಾಲಯ್ಯ, ಇದೇನ್ ಮಾಡ್ದಪ್ಪಾ?"

"ಪೂಜೆ ಮಾಡಿದ್ಲು. ಕಿಟಕಿ ಕ್ಲೀನಿತ್ತಲ್ಲ? ಕೆಂಪೂ ಬರ್ಲಿಲ್ಲ!"

"ಕಿಟಕಿ ನಿನ್ನ ಕಣ್ಣಿಗೆ ಕಣೋ. ಕ್ಯಾಮೆರಾದ ಕಣ್ಣು ಇದು. ದೊಡ್ಡದ್ರಾಗೆ ಆದ್ರೆ ಈ ಗಾಜಿನಾಗೇ ನೋಡ್ತೀವಿ, ಮುಚ್ಚಿದ್ರೆ ಕತ್ಲೆ ಕಾಣ್ತೈತೆ. ಇದ್ರಾಗೆ ನೋಡೋದು ಒಂದು, ತೆಗಿಯೋದು ಇನ್ನೊಂದು. ಬೆಳಕು ಅಳೆಯೋದೂ ಬೇರೆ ಕಡೆ. ಬೆರಳಿಡಬ್ಯಾಡ ಅಂದೆ, ಕುಂಕುಮ ಇಡಬ್ಯಾಡ ಅನ್ನೋದು ನನಗಾದ್ರೂ ಎಲ್ಲಿ ಹೊಳೀಬೇಕು!"

ಒಂದಾದ ಮೇಲೊಂದು ನೋಡಿದರು. ಎಲ್ಲ ಬೂದಿ. ಮಂಕು ಬೆಳಕು, ನಡುವೆ ಮನುಷ್ಯರಿದ್ದಾರೋ ಮರವಿದೆಯೋ ತಿಳಿಯದ ಒಂದು ನೆರಳು. ಹಜರತ್ ಅಲಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಬಳಸಿ ಒಂದಿಷ್ಟನ್ನು ಕಾಗದಕ್ಕಿಳಿಸಿದ. ಮುಖ ಬರಲಿಲ್ಲ. ಪಾಲಯ್ಯ ಆ ಕಾಗದಗಳನ್ನು ಬೆಳಕಿಗೆ ಹಿಡಿದ, ಓರೆ ಹಿಡಿದ, ದೂರ ಹಿಡಿದ. "ಅವ್ಳು ನಕ್ಕಿದ್ಲು ಕಣೋ ಅಲಿ, ನಾನು ನೋಡ್ದೆ, ನಕ್ಕಿದ್ಲು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಜರತ್ ಅಲಿ ಗಾಜನ್ನು ಒರೆಸಿ, ಹೊಸ ರೀಲು ಹಾಕಿ, ಕ್ಯಾಮೆರಾವನ್ನು ಅವನ ಕೈಯಲ್ಲಿಟ್ಟು, "ಅಳ್ತಾ ಕುಂತ್ರೆ ಆಗಲ್ಲ, ಓಡು. ಇವತ್ತೇ ತೆಗಿ. ಬಾಗಿಲ ಹತ್ರ, ಬೆಳಕು ಮುಖಕ್ಕೆ ಬೀಳಂಗೆ" ಎಂದು ಬಸ್ಸಿಗೆ ಹತ್ತಿಸಿದ.

ಹೊಳಲ್ಕೆರೆಯಲ್ಲಿ ಬಸ್ಸಿಳಿದು, ಸಿಕ್ಕ ಗೂಡ್ಸ್ ಗಾಡಿಯ ಗಾರ್ಡಿಗೆ ಕೈಮುಗಿದು, ಬಿಸಿಲಿರುವಾಗಲೇ ಮನೆ ಮುಟ್ಟಿದ. ಬಾಗಿಲಲ್ಲಿ ಕೆಂಚಕ್ಕ ನಿಂತಿದ್ದಳು. "ಬೆಳಿಗ್ಗೆಯಿಂದ ಏದುಸ್ರು ಹೆಚ್ಚಾಗೈತೆ ಕಣಣ್ಣ. ಡಾಕ್ಟ್ರತ್ರ ಹೋಗಾಣ ಅಂದ್ರೆ ಒಲ್ಲೆ ಅಂತಾಳೆ" ಎಂದಳು.

ನಿಂಗಕ್ಕ ದಿಂಬಿಗೆ ಒರಗಿದ್ದಳು. ಮುಖ ಊದಿತ್ತು. ಕಣ್ಣು ಸಣ್ಣದಾಗಿ ರೆಪ್ಪೆಯೊಳಗೆ ಹೂತುಹೋಗಿತ್ತು, ತುಟಿ ನೀಲಿ. ಹಬ್ಬವಾಗಿ ಎರಡೇ ದಿನದಲ್ಲಿ ಬೇರೆ ಹೆಂಗಸು. ಆದರೂ ಅವನನ್ನು ಕಂಡದ್ದೇ ಮೊದಲ ಮಾತು:

"ಹೆಂಗ್ ಬಂದಾವ್ರೀ?"

ಪಾಲಯ್ಯನ ಜೇಬಿನಲ್ಲಿ ಆ ಬೂದಿ ಕಾಗದಗಳ ಲಕೋಟೆ ಇತ್ತು. ಹೇಳಬೇಕು. ನೀನಿಟ್ಟ ಕುಂಕುಮದಿಂದಲೇ ನಿನ್ನ ಮುಖ ಅಳಿಸಿಹೋಯಿತು ಎಂದು, ಸಾಯುತ್ತಿರುವ ಹೆಂಡತಿಗೆ, ಬಾಯಿ ಬಿಟ್ಟು ಹೇಳಬೇಕು. ಯಾವ ಗಂಡನ ನಾಲಿಗೆ ಹೊರಳುತ್ತದೆ, ನೀವೇ ಹೇಳಿ.

"ಬಾಳ ಚೆನ್ನಾಗ್ ಬಂದಾವೆ" ಎಂದ.

"ಎಲ್ಲಿ, ತೋರುಸ್ರಿ."

"ದುರ್ಗದಾಗೈತೆ. ದೊಡ್ಡದ್ ಮಾಡ್ಸಕೆ ಕೊಟ್ಟೀನಿ, ಕಟ್ಟು ಹಾಕ್ಸಕೆ."

ಅವಳು ನಿಧಾನವಾಗಿ ಉಸಿರು ಬಿಟ್ಟಳು. "ಸದ್ಯ! ಇನ್ನ ನನ್ನ ಗೋಡೆಗೆ ಕುಂದ್ರುಸಿ ತಲೆ ಕಟ್ಟಾದು ತಪ್ತು."

ಪಾಲಯ್ಯ ಕ್ಯಾಮೆರಾ ತೆಗೆದ. "ಇನ್ನೊಂದೇ ಒಂದು ತೆಗೀತೀನಿ ಕಣೇ. ಬಾಗಿಲ ತಾವ ಬಾ, ಎತ್ತಿ ಕೂರುಸ್ತೀನಿ."

ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. "ಈ ಮುಖನಾ? ಬ್ಯಾಡ. ಅವತ್ತಿನವು ಅಷ್ಟು ಚೆನ್ನಾಗ್ ಬಂದಾವೆ ಅಂತೀರಿ, ಮತ್ಯಾಕೆ ಇದು? ಮಗಳು ಅದನ್ನೇ ನೋಡ್ಲಿ. ಇದನ್ನ ನೋಡ್ಬಾರ್ದು."

"ಒಂದೇ ಕಣೇ. ನಿನ್ನ ದಮ್ಮಯ್ಯ."

"ಯಾಕ್ರೀ?" ಸೆರಗಿನ ಸಂದಿಯಿಂದ ಆ ಸಣ್ಣ ಕಣ್ಣು ಅವನನ್ನೇ ನೋಡಿತು. "ಏನಾರ ಕೆಟ್ಟೈತಾ? ನಾನೇನಾರ ಪೂಜೆ ತಪ್ ಮಾಡಿದ್ನಾ?"

ಇದೇ ಕೊನೆಯ ಅವಕಾಶವೆಂದು ಅವನಿಗೆ ಗೊತ್ತು. ಹೌದೆಂದರೆ ಸೆರಗು ಸರಿಸಿ ಕೂರುತ್ತಾಳೆ, ಊದಿದ ಮುಖವಾದರೂ ಮುಖವೇ ತಾನೆ, ಮಗಳಿಗೆ ಅಷ್ಟಾದರೂ ಸಿಗುತ್ತದೆ. ಆದರೆ ಆ 'ಹೌದು' ಒಂದನ್ನೇ ಎದೆಯಲ್ಲಿಟ್ಟುಕೊಂಡು ಅವಳು ಹೋಗಬೇಕು. ಪಾಲಯ್ಯ ಕ್ಯಾಮೆರಾವನ್ನು ನೆಲದ ಮೇಲಿಟ್ಟ.

"ಇಲ್ಲ ಕಣೇ. ಏನೂ ಕೆಟ್ಟಿಲ್ಲ. ನನಗೇ ಆಸೆ ಹೆಚ್ಚಾತು."

"ಹಂಗಾರೆ ಹೇಳ್ರಿ, ಹೆಂಗ್ ಕಾಣ್ತೀನಿ? ನಾನು ನನ್ನ ಫೋಟೋ ನೋಡೇ ಇಲ್ವಲ್ಲ."

ಅವನು ಹತ್ತಿರ ಕೂತು ಹೇಳಿದ. ಬಾಗಿಲಲ್ಲಿ ನಿಂತದ್ದು, ಜಡೆ ಹಾಕುತ್ತಿರುವುದು, ಹೋಳಿಗೆ ಹಿಡಿದದ್ದು. ಸೇವಂತಿಗೆ ಕಾಣುತ್ತದಾ ಎಂದಳು, ಕಾಣುತ್ತದೆ ಎಂದ. ಮೂಗುಬೊಟ್ಟು? ಅದೂ ಹೊಳೆಯುತ್ತದೆ. ನಕ್ಕದ್ದು ಬಂತಾ? ಬಂತು, ಹಲ್ಲೆಲ್ಲ ಕಾಣುತ್ತವೆ. "ಅಯ್ಯೋ, ಹಲ್ಲು ಬಿಟ್ಟದ್ದು ಯಾಕ್ ತೆಗುದ್ರಿ" ಎಂದು ಸೆರಗಿನೊಳಗೇ ನಕ್ಕಳು. ಮಾರನೆಯ ದಿನ ಉಸಿರು ಸ್ವಲ್ಪ ಹಗುರಾದಾಗ ಕೆಂಚಕ್ಕನಿಗೆ ಹೇಳಿದಳು, ನೋಡಲು ಬಂದ ಹೆಂಗಸರಿಗೆಲ್ಲ ಹೇಳಿದಳು, ಮಗಳನ್ನು ಹತ್ತಿರ ಕೂರಿಸಿಕೊಂಡು ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ ಹೇಳಿದಳು. ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಸುದ್ದಿ ತಿಳಿದು ಮದಕರಿಪುರದಿಂದ ಪಾಲಯ್ಯನ ಅಣ್ಣ ಚಿಕ್ಕತಿಮ್ಮಪ್ಪ ಬಂದ. ದುರ್ಗದಿಂದ ಹಜರತ್ ಅಲಿ ಬಂದ. ಅವನ ಹೆಗಲಲ್ಲಿ ಚೀಲವಿರಲಿಲ್ಲ. ಬರಿಗೈಯಲ್ಲಿ ಬಂದು ಅಂಗಳದ ಮೂಲೆಯಲ್ಲಿ ನಿಂತ.

"ಇದೇನ್ ಸಾಬ್ರೆ, ಕ್ಯಾಮೆರಾ ತಂದಿಲ್ವಾ?" ಎಂದು ಚಿಕ್ಕತಿಮ್ಮಪ್ಪ ಗದರಿದ. "ಕುಂದ್ರುಸ್ರಪ್ಪ ಗೋಡೆಗೆ, ಆ ಸಣ್ಣದ್ರಾಗೇ ಒಂದು ತೆಗಿಲಿ."

"ಮುಟ್ಬ್ಯಾಡ್ರಿ!" ಎಂದು ಪಾಲಯ್ಯ ಕೂಗಿದ ಕೂಗಿಗೆ ಅಳುತ್ತಿದ್ದವರೂ ಸುಮ್ಮನಾದರು. "ಯಾರೂ ಅವಳನ್ನ ಕುಂದ್ರುಸ್ಬ್ಯಾಡ್ರಿ. ಅವ್ಳು ಬ್ಯಾಡ ಅಂದಾಳೆ."

"ಬ್ಯಾಡೇ ಬ್ಯಾಡ ಬಿಡಣ್ಣ" ಎಂದಳು ಕೆಂಚಕ್ಕ, ಮೂಗು ಒರೆಸಿಕೊಳ್ಳುತ್ತ. "ಹಬ್ಬದ ದಿನದವು ಅದಾವಲ್ಲ. ನಗೋ ಮುಖ ಬಂದೈತೆ ಅಂತ ಪುಣ್ಯಾತಗಿತ್ತಿ ಎಷ್ಟು ಹಿಗ್ಗಿದ್ಲು! ಅದನ್ನೇ ಕಟ್ಟು ಹಾಕ್ಸಿದ್ರಾತು."

ಪಾಲಯ್ಯ ಹಜರತ್ ಅಲಿಯನ್ನು ನೋಡಿದ. ಹಜರತ್ ಅಲಿ ತಲೆ ತಗ್ಗಿಸಿದ.

ಮಣ್ಣು ಮಾಡಿ ಬಂದು, ಜನವೆಲ್ಲ ಚದುರಿದ ಮೇಲೆ ಮಲ್ಲಿ ಅಪ್ಪನ ತೊಡೆಯ ಹತ್ತಿರ ಬಂದು ನಿಂತಳು. ಕೈ ಚಾಚಿದಳು.

"ಅಪ್ಪಾ, ಅವ್ವನ ಫೋಟೋ ಕೊಡು. ನಾನು ಅತ್ರೆ ನಿನ್ನ ಕೇಳ್ಬೇಕಂತೆ, ನೀನು ಕೊಡ್ತೀಯಂತೆ. ಅವ್ವ ಹೇಳೈತೆ."

ಎಷ್ಟು ದಿನ ತಪ್ಪಿಸುತ್ತಾನೆ? ಪಾಲಯ್ಯ ಜೇಬಿನಿಂದ ಲಕೋಟೆ ತೆಗೆದು ಕೊಟ್ಟ. ಮಲ್ಲಿ ನೆಲದ ಮೇಲೆ ಒಂದೊಂದಾಗಿ ಹರಡಿದಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಇದ್ರಾಗೆ ಅವ್ವ ಎಲ್ಲಿ?"

ಅವನು ಬೂದಿಯ ನಡುವಿನ ನೆರಳಿನ ಮೇಲೆ ಬೆರಳಿಟ್ಟ. "ಇಲ್ಲಿ ನೋಡು. ನಿನಗೆ ಜಡೆ ಹಾಕ್ತಾ ಐತೆ. ಹಸಿರು ಸೀರೆ ಉಟ್ಟೈತೆ. ಸೇವಂತಿಗೆ ಮುಡುದೈತೆ. ನೀನೇನೋ ಅಂದೆ ನೋಡು, ಅದಕ್ಕೆ ನಗ್ತೈತೆ."

ಮಗು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಅದರ ಮುಖ ಅರಳಿತು.

"ಹೂಂನಪ್ಪಾ, ಕಾಣ್ತೈತೆ! ನಗ್ತೈತೆ!"

ಅಮ್ಮನ ಮುಖ ಅದರ ಕಣ್ಣಲ್ಲಿ ಇನ್ನೂ ಇತ್ತು, ಅದಕ್ಕೇ ಕಾಗದದ ಮೇಲೂ ಕಂಡಿತು. ಇದು ಎಷ್ಟು ದಿನ ಎಂಬುದು ಪಾಲಯ್ಯನಿಗೆ ಗೊತ್ತಿತ್ತು. ಮಗಳನ್ನು ಎದೆಗವಚಿಕೊಂಡು, "ಚೆನ್ನಾಗ್ ನೋಡ್ಕಳವ್ವಾ, ಇನ್ನೊಂದ್ಸಲ ನೋಡು, ಇನ್ನೊಂದ್ಸಲ" ಎಂದು ಗಟ್ಟಿಯಾಗಿ ಅಳತೊಡಗಿದ.